ದುರ್ಗವ್ವನ ಅತ್ತೆ

ತಾಯವ್ವ ಅಕ್ಕೋರು ಶನಿವಾರ ಬೆಳಗಿನ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ತಾವೇ ಚಿತ್ರ ಬರೆದು, ದಬ್ಬಣದಿಂದ ಹೊಲಿದು ಪುಸ್ತಕ ಮಾಡಿಕೊಂಡಿದ್ದರು. ಚಿತ್ರ ತೋರಿಸುತ್ತ ಕತೆ ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳುವುದು. ಅದರ ಉತ್ತರ ಅವರಿಗೂ ಗೊತ್ತಿರಬಾರದು, ಅದೇ ಕರಾರು. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಪಾಳಾ ಎಂಬ ಊರಿನ ಆಚೆಯ ಆ ಒಂದೇ ಕೋಣೆಯ ಶಾಲೆಗೆ ಇದಕ್ಕಿಂತ ದೊಡ್ಡ ಐಶ್ವರ್ಯ ಬೇರೆ ಇರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಮಾತನ್ನು ಅಕ್ಕೋರು ಪೂರಾ ನಂಬಿದ್ದರು. ಊರು ಇನ್ನೂ ನಂಬಿರಲಿಲ್ಲ.

ಆ ಶನಿವಾರದ ಕತೆ ಭೋಜಪ್ಪನೆಂಬ ರೈತನ ನೇಗಿಲಿನದು. ಅದು ಅವನ ಅಜ್ಜ ಮಾಡಿಸಿದ್ದು. ಮೊದಲು ನೆಲ ಸೀಳುವ ಗುಳ ಸವೆಯಿತು, ಹೊಸದು ಹಾಕಿಸಿದ. ಆಮೇಲೆ ಕೈಯಲ್ಲಿ ಹಿಡಿಯುವ ಮೇಳಿ ಮುರಿಯಿತು, ಅದೂ ಹೊಸದಾಯಿತು. ಕಡೆಗೆ ಮರದ ದಿಂಡಿಗೇ ಗೆದ್ದಲು ಹತ್ತಿತು, ಅದನ್ನೂ ಬದಲಿಸಿದ. ಕೊನೆಯ ಹಾಳೆಗೆ ಬರುವಷ್ಟರಲ್ಲಿ ಚಿತ್ರದಲ್ಲಿ ಹಳೆಯದೇನೂ ಉಳಿದಿರಲಿಲ್ಲ.

"ಈಗ ಹೇಳ್ರಿ, ಇದು ಅಜ್ಜನ ನೇಗಿಲ ಹೌದೋ, ಅಲ್ಲೋ?"

"ಅಲ್ರಿ," ಎಂದ ರೊಜಾರಿಯೊ.

"ಹೌದ್ರಿ, ಎತ್ತಿಗೆ ಕೇಳಿ ನೋಡ್ರಿ," ಎಂದ ಕಾಶೀಮ.

ಶಾಲೆ ಎರಡು ಪಕ್ಷವಾಯಿತು. ಎಂಟು ವರ್ಷದ ಸತ್ತೆವ್ವ ಮಾತ್ರ ಬಾಯಿ ಬಿಡದೆ ಪ್ರಶ್ನೆಯನ್ನು ಮನೆಗೆ ಕೊಂಡುಹೋದಳು. ಅಲ್ಲೇ ಎಡವಟ್ಟಾಯಿತು.

ಸೋಮವಾರ ಅವಳು ಬರಲಿಲ್ಲ, ಮಂಗಳವಾರವೂ ಇಲ್ಲ. ಅವಳ ಪಕ್ಕದ ಮನೆಯ ಹುಡುಗಿ ಅನ್ನಾ ಸುದ್ದಿ ತಂದಳು. ಸತ್ತೆವ್ವನ ಮನೆಯ ಮೂಲೆಯಲ್ಲಿ ತೀರಿಹೋದ ಹಿರಿಯರೆಂದು ಒಂದು ತೆಂಗಿನಕಾಯಿ ಇಟ್ಟು ಪೂಜಿಸುತ್ತಾರೆ. ವರ್ಷಕ್ಕೊಮ್ಮೆ ಹಳೆಯ ಕಾಯಿ ತೆಗೆದು ಹೊಸದಿಡುವುದು ಅವರ ಪದ್ಧತಿ. "ಕಾಯಿ ಬದಲಾದ್ರ ಹಿರೇರೂ ಬದಲಾದ್ರೇನು?" ಎಂದು ಹುಡುಗಿ ಅಜ್ಜಿ ದುರ್ಗವ್ವನನ್ನು ಕೇಳಿದ್ದಳಂತೆ. ದುರ್ಗವ್ವ ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿ, "ಹಿರೇರನ್ನ ಅಳ್ಳಾಡಿಸೋ ಶಾಲಿ ನಮಗ ಬ್ಯಾಡ. ನಾಳಿಂದ ದನಾ ಕಾಯಿ," ಎಂದುಬಿಟ್ಟಿದ್ದಳು.

ಆ ಮನೆಯಿಂದ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಸತ್ತೆವ್ವ. ಅವಳನ್ನು ಬಿಡಿಸಿದ್ದು ಬಡತನವಲ್ಲ, ತಮ್ಮದೇ ಕತೆ ಎಂಬುದು ಅಕ್ಕೋರಿಗೆ ಗೊತ್ತಾಯಿತು. ಸಂಜೆ ಹುಡುಗಿಯ ಮನೆಯಿದ್ದ ಸಿದ್ದಿ ಕೇರಿಯ ಕಡೆ ನಡೆಯುತ್ತ ದಾರಿಯುದ್ದಕ್ಕೂ ತಪ್ಪಾಯಿತು ಎನ್ನುವ ಮಾತುಗಳನ್ನು ಜೋಡಿಸಿಕೊಂಡರು. ಶನಿವಾರದ ಕತೆಗಳನ್ನೇ ನಿಲ್ಲಿಸುತ್ತೇನೆಂದು ಹೇಳುವುದಕ್ಕೂ ತಯಾರಾದರು.

ದುರ್ಗವ್ವ ಅಂಗಳದಲ್ಲಿ ಮೊರ ಹಿಡಿದು ಹುರುಳಿ ಹಸನು ಮಾಡುತ್ತಿದ್ದಳು. ಮುಖ ಬಿಗಿದೇ ಇತ್ತು. ಆದರೂ ಮನೆಗೆ ಬಂದವರು ಬಂದವರೇ. ಕಂಬಳಿ ಹಾಸಿ ಕೂರಿಸಿ, ಒಳಗೆ ತಿರುಗಿ ಕರೆದಳು: "ಅತ್ತೀ, ಅಕ್ಕೋರಿಗೆ ನೀರ ತಗೊಂಡ ಬರ್ರಿ."

ಇವಳಿಗೇ ಎಪ್ಪತ್ತರ ಹತ್ತಿರ, ಇವಳ ಅತ್ತೆಗೆ ಎಷ್ಟಾಗಿರಬೇಡ ಎಂದು ಅಕ್ಕೋರು ಗಡಬಡಿಸಿ ಎದ್ದರು. ಸೆರಗು ಹೊದ್ದು, ಕೈ ಮುಗಿದು ನಿಂತರು. ತಂಬಿಗೆ ಹಿಡಿದು ಹೊರಗೆ ಬಂದದ್ದು ಸತ್ತೆವ್ವ.

ಬಿಗಿದ ಮುಖದ ದುರ್ಗವ್ವನಿಗೂ ನಗು ತಡೆಯಲಾಗಲಿಲ್ಲ. "ನಮ್ಮತ್ತಿ ಹೆಸರ ಇಟ್ಟಾರ್ರಿ ಇಕಿಗೆ. ಸೊಸಿ ಆದಾಕಿ ಅತ್ತಿ ಹೆಸರ ಹಿಡದ ಹೆಂಗ ಕರೀಲಿ? ಅದಕ್ಕ ಅತ್ತಿ ಅಂತೇನಿ."

ಜೋಡಿಸಿಕೊಂಡು ಬಂದ ಮಾತೆಲ್ಲ ಅಕ್ಕೋರಿಗೆ ಮರೆತೇಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು, ಬಾಯಿಂದ ಪ್ರಶ್ನೆಯೇ ಹೊರಬಿತ್ತು. "ಹಂಗಾದ್ರ ಇಕಿ ನಿಮಗ ಅತ್ತಿಯೋ, ಮೊಮ್ಮಗಳೋ?"

ದುರ್ಗವ್ವ ಮೊರ ಕೆಳಗಿಟ್ಟು ಹುಡುಗಿಯ ಕಡೆ ತಿರುಗಿದಳು.

"ಉಣಸೂವಾಗ ಮೊಮ್ಮಗಳು," ಎಂದಳು ನಿಧಾನವಾಗಿ. "ಬೈಬೇಕಂತ ಬಾಯಿ ತೆಗದ್ರ ನಾಲಿಗಿ ಏಳಂಗಿಲ್ರಿ, ಆಗ ಅತ್ತಿ. ಮೈ ಬ್ಯಾರೆ ಆದ್ರೂ ಮರ್ಯಾದಿ ಅದೇ ಐತಿ."

"ಹಂಗಾದ್ರ ಕಾಯೀನೂ ಹಂಗ ಅಲ್ಲೇನಬೇ?" ಎಂದಳು ಬಾಗಿಲಿಗೆ ಒರಗಿದ ಸತ್ತೆವ್ವ. "ಕಾಯಿ ಬ್ಯಾರೆ ಆದ್ರೂ ನಾವು ಕೈ ಮುಗಿಯೂದು ಅವರಿಗೇ. ನಾ ಹಿರೇರನ್ನ ಬೈದಿಲ್ಲ, ಕೇಳೇನಿ ಅಷ್ಟ."

ಅಕ್ಕೋರ ಕಣ್ಣು ತುಂಬಿತು. ಇಡೀ ಶಾಲೆ ಜಗಳವಾಡಿದರೂ ಸಿಗದ ಉತ್ತರ ಇನ್ನೇನು ದನದ ಹಿಂದೆ ಹೋಗಿಬಿಡುವುದರಲ್ಲಿತ್ತಲ್ಲ ಎನಿಸಿತು. ಶನಿವಾರದ ಕತೆ ನಿಲ್ಲಿಸುವ ಮಾತನ್ನು ಅವರು ಆಮೇಲೆ ಎಂದೂ ಆಡಲಿಲ್ಲ.

"ನಾಳೆ ಶಾಲಿಗೆ ಹೋಗ್ತೇನಿ," ಎಂದಳು ಹುಡುಗಿ.

ದುರ್ಗವ್ವ ಮತ್ತೆ ಹುಬ್ಬು ಗಂಟಿಕ್ಕಿದಳು. "ಇದನ್ನ ಮೊಮ್ಮಗಳಾಗಿ ಹೇಳಾಕತ್ತಿಯೋ, ಅತ್ತಿಯಾಗಿ ಹೇಳಾಕತ್ತಿಯೋ?"

ಕೇಳಿದ ಮೇಲೆ ತಾನು ಎಲ್ಲಿ ಸಿಕ್ಕಿಬಿದ್ದೆನೆಂದು ಅವಳಿಗೆ ಹೊಳೆಯಿತು. ಆದರೆ ಆಡಿದ ಮಾತು ಆಡಿಯಾಗಿತ್ತು.

ಸತ್ತೆವ್ವ ತಂಬಿಗೆ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅತ್ತಿಯಾಗಿ."

ದುರ್ಗವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಎದ್ದು ಒಳಗೆ ಹೋಗಿ, ಗೂಟದಿಂದ ಪಾಟಿಚೀಲ ಇಳಿಸಿ ತಂದು, ಎರಡೂ ಕೈಯಿಂದ ಹುಡುಗಿಗೆ ಕೊಟ್ಟಳು.

"ಹಂಗಾದ್ರ ಹೋಗಿ ಬರ್ರಿ, ಅತ್ತಿ," ಎಂದಳು.