ಮಂಡಿ ದಾಟಿದ ತಮ್ಮ

ಕೊಳಾಯಿ ರಿಪೇರಿಯವನ ಬಾಯಿ ಅವನ ಪೈಪಿಗಿಂತ ಅಗಲ. ಕಟ್ಟಡದ ನಡುವೆ ಪೈಪುಗಳು ಇಳಿಯುವ ಇಕ್ಕಟ್ಟಾದ ಸಂದಿಗೆ ಎಲ್ಲರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರೆ, ಇವನು ಆಚೆ ಗೋಡೆಗೊಂದು ಕಾಲು, ಈಚೆ ಗೋಡೆಗೊಂದು ಕಾಲು ಕೊಟ್ಟು ಜೇಡನ ಹಾಗೆ ಇಳಿಯುತ್ತಿದ್ದ. "ಹಗ್ಗ ಏನಿದ್ರೂ ಎಮ್ಮೆಗೆ" ಎಂದು ತೊಡೆ ತಟ್ಟಿಯೇ ಇವತ್ತೂ ಇಳಿದಿದ್ದ.

ಮೂರನೇ ಮಹಡಿಯಲ್ಲಿ, ಸರಿಯಾಗಿ ತನ್ನದೇ ಮನೆಯ ಬಚ್ಚಲ ಕಿಟಕಿಯ ಎದುರು, ಬಲಗಾಲಿನ ಒಳತೊಡೆ ಹಿಡಿದುಕೊಂಡಿತು. ಹಿಡಿದಿದ್ದಷ್ಟೇ ಅಲ್ಲ, ಕಾಲನ್ನು ಒಳಕ್ಕೆ ಎಳೆಯತೊಡಗಿತು. ಕಾಲು ಗೋಡೆ ಬಿಟ್ಟರೆ ಆಸಾಮಿ ನೇರ ಪಾತಾಳಕ್ಕೆ. ಮೇಲೆ ಹೋಗಲಾರ, ಕೆಳಗೆ ಬರಲಾರ. ಕಿಟಕಿಯಲ್ಲಿ ತಲೆಯೂ ತೂರದು.

"ಅತ್ತೇ!" ಎಂದು ಕಿರುಚಿದ.

ಓಟಗಾರರ ಕಾಲು ತಿಕ್ಕಿ ಬದುಕುವ ಅತ್ತೆ ಕಿಟಕಿಯಲ್ಲಿ ಇಣುಕಿದಳು. "ಏನಯ್ಯಾ ಅಳಿಯ, ಬಾಗಿಲು ಮರೆತೋಯ್ತಾ?"

"ತೊಡೆ, ಅತ್ತೆ! ಹರಿದೇ ಹೋಗ್ತಿದೆ!"

"ನೋವು ಎಲ್ಲೀವರೆಗೂ ಇಳಿಯುತ್ತೆ?"

"ಮಂಡಿ ಕೆಳಗೂ!"

"ಹಾಗಾದ್ರೆ ಆ ಉದ್ದನೆ ತಮ್ಮಂದೇ ಕಿತಾಪತಿ. ಒಳತೊಡೇಲಿ ಐದು ಸ್ನಾಯು, ಐದು ಜನ ಅಣ್ಣತಮ್ಮಂದಿರ ಹಾಗೆ. ಎಲ್ಲಾರೂ ಹುಟ್ಟೋದು ಕಿಬ್ಬೊಟ್ಟೆ ಕೆಳಗಿನ ಮೂಳೇಲಿ. ನಾಲ್ಕು ಜನ ತೊಡೆ ಮೂಳೆಗೇ ಅಂಟ್ಕೋತಾರೆ. ಇವನೊಬ್ಬ ಮಂಡಿ ದಾಟಿ ಹೋಗ್ತಾನೆ. ಎರಡು ತೊಡೆ ಕೂಡಿಸೋದೇ ಎಲ್ಲರ ಕಸುಬು."

"ವಂಶಾವಳಿ ಆಮೇಲೆ ಹೇಳಿ, ಅತ್ತೆ! ನಾನು ಸಾಯ್ತಿದೀನಿ!"

"ಕಾಲು ನೆಟ್ಟಗೆ ಬಿಗಿದಿದೀಯಲ್ಲ, ಪೆದ್ದ! ಅದಕ್ಕೇ ಅವನು ಜಗ್ತಿದಾನೆ. ಮಂಡಿ ಚೂರು ಬಗ್ಗಿಸು. ಈಗ ಗೋಡೇನ ಹೊರಕ್ಕೆ ತಳ್ಳು. ಹೊರಗಿನ ಸ್ನಾಯು ದುಡಿದ್ರೆ ಒಳಗಿನವನು ಸುಮ್ನಾಗ್ತಾನೆ."

ತಳ್ಳಿದ. ಕಟ್ಟಡವೇ ಒಂದು ಗೇಣು ಅಗಲವಾಯಿತೇನೋ ಎನ್ನುವಷ್ಟು ತಳ್ಳಿದ. ಬಿಗಿ ಎಳೆ ಎಳೆಯಾಗಿ ಸಡಿಲಿತು. ಉಸಿರು ಬಂತೆಂದು ಕಾಲೆತ್ತಲು ಹೋದದ್ದೇ ತಡ, ತಮ್ಮ ಮತ್ತೆ ಎಳೆದ.

"ಎತ್ತಬೇಡ! ತಳ್ತಾ ಇರು. ಮೇಲಿಂದ ಹಗ್ಗ ಇಳಿಬಿಡಿಸ್ತೀನಿ."

"ಹೋಗ್ಬೇಡಿ ಅತ್ತೆ, ಮಾತಾಡ್ತಾ ಇರಿ!"

"ನಿನ್ನ ಬಾಯಲ್ಲಿ ಈ ಮಾತಾ!" ಎನ್ನುತ್ತಾ ಅವಳು ಓಡಿದಳು.

ಕಿಟಕಿ ಖಾಲಿಯಾಯಿತು. ಎಲ್ಲೋ ಮೇಲಿನ ಮನೆಯಲ್ಲಿ ಯಾರೋ ನೀರು ಬಿಟ್ಟರು; ಕಿವಿಯ ಪಕ್ಕದ ಪೈಪು ಗುಡುಗಿತು. ಅವನು ಗೋಡೆ ತಳ್ಳುತ್ತಲೇ ಇದ್ದ. ಜಂಬ ಕೊಚ್ಚಲೂ ಒಂದು ನರಪಿಳ್ಳೆ ಇರಲಿಲ್ಲ.

ಕೊನೆಗೆ ಹಗ್ಗ ಬಂತು; ಸೊಂಟಕ್ಕೆ ಬಿಗಿದುಕೊಂಡ. ತಾರಸಿಯ ಮೇಲೆ ಅರ್ಧ ಕಟ್ಟಡವೇ ಸೇರಿ ಜಗ್ಗಿತು. ಕಾಲಗಲಿಸಿಕೊಂಡ ಕಪ್ಪೆಯ ಹಾಗೆ ಅವನು ಮೇಲೆ ಬಂದ. ಬಿಸಿಲಲ್ಲಿ ಕೂರಿಸಿದರೂ ಸುಮಾರು ಹೊತ್ತು ಗಾಳಿಯನ್ನೇ ತಳ್ಳುತ್ತಿದ್ದ.

"ಬಿಡಯ್ಯಾ, ಗೋಡೆ ಇಲ್ಲ" ಎಂದಳು ಅತ್ತೆ.

"ಸ್ವಲ್ಪ ಇರಿ, ಅತ್ತೆ" ಎಂದ ಅವನು, ಸೊಂಟದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.