ಅಟ್ಟದ ಮೇಲಿನ ಹೀಬ್ರೂ

ಹೊನ್ನವಳ್ಳಿಯ ಬಸವರಾಜಪ್ಪ ಮೇಷ್ಟ್ರ ಮನೆಯ ಅಟ್ಟದಲ್ಲಿ ಆ ವರ್ಷ ಮೂರು ಸಾವಿರ ತೆಂಗಿನಕಾಯಿ ಕೊಬ್ಬರಿಯಾಗಲು ಕಾದು ಕೂತಿದ್ದವು. ಅವುಗಳಲ್ಲಿ ಮುನ್ನೂರರ ಮೇಲೆ ಹೀಬ್ರೂ ಬರೆದಿತ್ತು. ಊರಿಗೆ ಇದು ಗೊತ್ತಿರಲಿಲ್ಲ. ಮೇಷ್ಟ್ರ ಹೆಂಡತಿ ಗಿರಿಜಾಂಬಿಕಾಗೆ ಗೊತ್ತಿತ್ತು. ಆ ಮನೆಯಲ್ಲಿ ಅವಳಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಅವಳಿಗೆ ಏನೇನು ಗೊತ್ತಿದೆ ಎಂಬುದು ಮಾತ್ರ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ತೊಂಬತ್ತೆಂಟರ ಯುಗಾದಿ ಕಳೆದ ಮೇಲೆ. ತಿಪಟೂರಿನ ಬಸ್ ನಿಲ್ದಾಣದಲ್ಲಿ ಯಾರೋ ಮೇಷ್ಟ್ರ ಕೈಗೆ ಒಂದು ಕರಪತ್ರ ತುರುಕಿದರು. ಬೈಬಲ್ಲಿನ ಮೂಲಭಾಷೆಯ ಮುನ್ನೂರು ಪದಗಳು, ಅರ್ಥ ಮತ್ತು ಮೂಲದ ಸಮೇತ, ಅಂಚೆಯ ಮೂಲಕ ಉಚಿತ. ಕೊನೆಗೆ ಪರೀಕ್ಷೆ, ಪಾಸಾದರೆ ಪ್ರಮಾಣಪತ್ರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಮನುಷ್ಯ. ತಟ್ಟೆಗೆ ಉಪ್ಪಿಟ್ಟು ಹಾಕಿದರೆ ಉಪ್ಪಿಟ್ಟು ಎಂಬ ಮಾತು ಎಲ್ಲಿಂದ ಬಂತು ಎಂದು ವಿಚಾರ ಮಾಡುತ್ತ ಅದನ್ನು ಆರಿಸಿಬಿಡುವವರು. ಇಂಥವರಿಗೆ ಪದದ ಆಸೆ ತೋರಿಸಿದರೆ ಬಿಡುತ್ತಾರೆಯೇ? ಅಂದೇ ಕಾರ್ಡು ಬರೆದರು.

ನೆಂಟರಿಷ್ಟರು ಗಾಬರಿಯಾದರು. ಲಿಂಗ ಕಟ್ಟಿದವರಿಗೆ ಬೈಬಲ್ಲಿನ ಗೊಡವೆ ಏಕೆ ಎಂದು ಮನೆಗೇ ಬಂದು ಕೇಳಿದರು. ಮೇಷ್ಟ್ರು ಎದೆ ಮುಟ್ಟಿಕೊಂಡು, "ಇದು ಇಲ್ಲಿರ್ತದೆ, ಪದ ತಲೇಲಿರ್ತವೆ. ಎರಡಕ್ಕೂ ಜಾಗ ಬೇರೆ ಕಣ್ರೀ" ಎಂದು ಕಾಫಿ ಕೊಟ್ಟು ಕಳಿಸಿದರು.

ಮೊದಲನೇ ಪಾಠ ಬಂದ ದಿನ ಅವರು ಕಾಗದ ಹಿಡಿದು ಅಡುಗೆಮನೆಗೇ ಓಡಿ ಬಂದಿದ್ದರು. "ನೋಡೇ ಇಲ್ಲಿ! ಅದಮಾ ಅಂದ್ರೆ ಮಣ್ಣು. ಆದಾಮ್ ಅಂದ್ರೆ ಮನುಷ್ಯ. ಎರಡಕ್ಕೂ ಒಂದೇ ಬೇರಂತೆ!"

ಗಿರಿಜಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಿ, ತೋರ್ಸಿ" ಎಂದು ಕೈಚಾಚಿದಳು.

ಮೇಷ್ಟ್ರು ಕಾಗದವನ್ನು ಮೇಲೆತ್ತಿಕೊಂಡರು. "ನಿಂಗೆ ಇದೆಲ್ಲ ತಲೆಗೆ ಹೋಗಲ್ಲ, ಬುಡು. ಬಲಗಡೆಯಿಂದ ಓದ್ಬೇಕು."

ಆ 'ಬುಡು' ಗಿರಿಜಮ್ಮನ ಹೊಟ್ಟೆಗೆ ಬೆಂಕಿ ಹಾಕಿತು. ಏಳನೇ ಕ್ಲಾಸಿನಲ್ಲಿ ತಾಲ್ಲೂಕಿಗೇ ಮೊದಲು ಬಂದವಳು ಅವಳು. ಆ ವರ್ಷವೇ ಶಾಲೆ ಬಿಡಿಸಿದರು. ಮೂರು ವರ್ಷ ಮನೆಯಲ್ಲಿ ಕೂರಿಸಿ ಈ ಮೇಷ್ಟ್ರಿಗೆ ಕೊಟ್ಟರು. ನಲವತ್ತು ವರ್ಷದಲ್ಲಿ ಗಂಡ ಅವಳನ್ನು ಏನೇನೋ ಕೇಳಿದ್ದರು: ಟವೆಲ್ ಎಲ್ಲಿ, ಸಾರಿಗೆ ಉಪ್ಪು ಹಾಕಿದೆಯಾ, ಹಾಲಿನವನು ಬಂದನೇ. ಒಂದು ಮಾತಿನ ಅರ್ಥವನ್ನು ಯಾವತ್ತೂ ಕೇಳಿರಲಿಲ್ಲ. ಸರಿ, ಈ ಮುನ್ನೂರನ್ನೂ ಕಲಿಯುತ್ತೇನೆ, ಈ ಮನುಷ್ಯ ತಾನಾಗಿ ಬಂದು ಅರ್ಥವೇನೇ ಎಂದು ಕೇಳುವ ತನಕ ತುಟಿ ಬಿಚ್ಚುವುದಿಲ್ಲ ಎಂದು ಅವಳು ಅಲ್ಲೇ ಒಲೆಯ ಮುಂದೆ ನಿಶ್ಚಯ ಮಾಡಿದಳು.

ಕಲಿಯುವುದೇನೂ ಕಷ್ಟವಾಗಲಿಲ್ಲ. ಮೇಷ್ಟ್ರು ಕೂತು ಗಟ್ಟಿಯಾಗಿ ಪಾಠ ಓದುತ್ತಿದ್ದ ಅಟ್ಟವಿದ್ದದ್ದು ಅಡುಗೆಮನೆಯ ನೆತ್ತಿಯ ಮೇಲೆ. ಕಾಯಿಗಳಿಗೆ ಒಲೆಯ ಬಿಸಿ ತಾಗಲೆಂದು ನೆಲಕ್ಕೆ ಸಂದು ಬಿಟ್ಟು ಗಳ ಹಾಸಿತ್ತು. ಕೆಳಗಿನ ಹೊಗೆ ಮೇಲಕ್ಕೆ ಹೋಗುತ್ತಿತ್ತು, ಮೇಲಿನ ಪಾಠ ಕೆಳಕ್ಕೆ ಬೀಳುತ್ತಿತ್ತು. ಮೇಷ್ಟ್ರು ಮಧ್ಯಾಹ್ನ ಗೊರಕೆ ಹೊಡೆಯುವಾಗ ಅವಳು ಪಾಠದ ಹಾಳೆಗಳನ್ನೇ ತಂದು, ಮೊರದ ಮೇಲೆ ಅಕ್ಕಿ ಹರಡಿ, ಬೆರಳಿನಿಂದ ಅಕ್ಷರ ತಿದ್ದಿದಳು. ಬಲಗಡೆಯಿಂದ ಓದುವುದು ನಾಲ್ಕು ದಿನಕ್ಕೆ ರೂಢಿಯಾಯಿತು.

ಕಾಯಿಯ ಮೇಲೆ ಬರೆಯುವ ಉಪಾಯ ಮೇಷ್ಟ್ರದ್ದೇ. ಕೊಬ್ಬರಿ ಮೂಟೆಗೆ ಗುರುತು ಹಾಕುವ ನೀಲಿ ಮಸಿ ಮನೆಯಲ್ಲಿತ್ತು. ಒಂದು ಕಾಯಿಗೆ ಒಂದು ಪದ. ಒಂದು ಮೂಲೆಯಿಂದ ಕಾಯಿ ಎತ್ತುವುದು, ಪದ ಓದುವುದು, ಗಟ್ಟಿಯಾಗಿ ಅರ್ಥ ಹೇಳುವುದು, ಬಂದರೆ ಇನ್ನೊಂದು ಮೂಲೆಗೆ ಉರುಳಿಸುವುದು. ಹೇಳಿದ ಅರ್ಥ ಸರಿಯೋ ತಪ್ಪೋ ಎಂದು ಹಾಳೆ ತೆಗೆದು ನೋಡುವ ಪದ್ಧತಿ ಅವರಲ್ಲಿರಲಿಲ್ಲ. ಮೂವತ್ತು ವರ್ಷ ಬೇರೆಯವರ ತಪ್ಪನ್ನೇ ತಿದ್ದಿದವರು, ತಮ್ಮದೊಂದು ತಪ್ಪಿರಬಹುದೆಂಬ ಸಂಶಯ ಎಲ್ಲಿಂದ ಬರಬೇಕು? 'ಅಬ್' ಎಂದರೆ ತಂದೆ ಎಂದು ಓದಿದ್ದೇ ತಡ, ಅದು ನಮ್ಮ ಅಪ್ಪನಿಂದಲೇ ಹೋದ ಮಾತು ಎಂದು ಪಾಠ ಕಳಿಸುವವರಿಗೆ ನಾಲ್ಕು ಪುಟ ಬರೆದರು. ಹೋಲಿಕೆ ಇದ್ದ ಮಾತ್ರಕ್ಕೆ ನೆಂಟಸ್ತನವಿರುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಅವರಿಗೆ ಹೊಟ್ಟೆಕಿಚ್ಚು ಎಂದರು ಮೇಷ್ಟ್ರು.

ಹಾಗಾಗಿ ತಿದ್ದುವ ಕೆಲಸ ಗಿರಿಜಮ್ಮನ ಪಾಲಿಗೆ ಬಂತು. ಮೇಷ್ಟ್ರು ಪೇಪರ್ ಓದಲು ಬಸ್ ಸ್ಟ್ಯಾಂಡಿನ ಕಡೆ ಹೊರಟರೆ ಅವಳು ಏಣಿ ಹತ್ತುವಳು. ಬೆಳಿಗ್ಗೆ ಯಾವ ಪದಕ್ಕೆ ತಪ್ಪು ಅರ್ಥ ಹೇಳಿದ್ದರೋ ಆ ಕಾಯಿಯನ್ನು ಹುಡುಕಿ ಮತ್ತೆ ಬಾರದ ಮೂಲೆಗೆ ಸೇರಿಸುವಳು. ಅದರಲ್ಲೂ 'ಹೆವೆಲ್' ಎಂಬುದೊಂದು ಪದ ಮೇಷ್ಟ್ರಿಗೆ ಜಪ್ಪಯ್ಯ ಎಂದರೂ ಹತ್ತುತ್ತಿರಲಿಲ್ಲ. ಅದು ಹನ್ನೊಂದು ಸಲ ವಾಪಸು ಬಂತು.

"ಇದೇನೇ, ಕಾಯಿ ತಾನಾಗೇ ಓಡಾಡ್ತವೆ!" ಎಂದು ಮೇಷ್ಟ್ರು ಒಂದು ದಿನ ಅಟ್ಟದಿಂದಲೇ ಕೂಗಿದರು.

"ಹೆಗ್ಗಣ ಇರ್ಬೇಕು ಕಣ್ರೀ."

"ಬರೀ ಹೀಬ್ರೂ ಕಾಯೀನೇ ಉರುಳಿಸ್ತದಲ್ಲೇ?"

"ಅದಕ್ಕೂ ಓದೋ ಆಸೆ ಇರ್ಬೋದು."

ಮೇಷ್ಟ್ರು ಬೋನು ತಂದು, ಅದರೊಳಗೆ ಒಂದು ಚೂರು ಒಳ್ಳೆ ಕೊಬ್ಬರಿ ಸಿಕ್ಕಿಸಿಟ್ಟರು. ಮಾರನೇ ದಿನ ಕೊಬ್ಬರಿ ಇರಲಿಲ್ಲ, ಹೆಗ್ಗಣವೂ ಇರಲಿಲ್ಲ. ಹೀಗೇ ಒಂದು ವಾರ ನಡೆಯಿತು.

ದೀಪಾವಳಿ ಕಳೆದು ಕಾಯಿ ಒಣಗಿದವು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಎನ್ನುತ್ತಿತ್ತು. ಮೇಷ್ಟ್ರಿಗೆ ಪರೀಕ್ಷೆಯ ಹಾಳೆಯೂ ಅದೇ ವಾರ ಬಂತು. ಸೋಮವಾರ ಅಂಚೆಗೆ ಹಾಕುತ್ತೇನೆ, ಪದಗಳೆಲ್ಲ ಬಾಯಿಗೆ ಬಂದಾಯಿತು, ಇನ್ನು ಸುಲಿಸಬಹುದು ಎಂದು ಅವರೇ ಹೇಳಿ ಕಳಿಸಿದ ಮೇಲೆ ಶನಿವಾರ ಬೆಳಿಗ್ಗೆ ಚಿಕ್ಕಗೌರಮ್ಮನ ಗುಂಪು ಬಂದಿಳಿಯಿತು. ಗಂಡಸರು ಹಾರೆ ನೆಟ್ಟು ಮಟ್ಟೆ ಸುಲಿಯುವುದು, ಹೆಂಗಸರು ಚಿಪ್ಪು ಬಿಡಿಸುವುದು. ಆ ಗುಂಪಿಗೆ ಚಿಕ್ಕಗೌರಮ್ಮನೇ ಯಜಮಾನಿ.

ಕಾಯಿಗಳನ್ನು ಅಂಗಳಕ್ಕೆ ಸುರಿದಾಯಿತು. ಗುಂಪಿನ ಹುಚ್ಚರಂಗಯ್ಯ ಮೊದಲನೇ ಕಾಯಿ ಎತ್ತಿ ಹಾರೆಗೆ ಹೊಡೆಯಬೇಕು, ನೀಲಿ ಅಕ್ಷರ ಕಂಡಿತು. ಕಾಯಿಯನ್ನು ಹಾವು ಬಿಟ್ಟ ಹಾಗೆ ಬಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದ. "ಮಾಟ! ಕಾಯಿಗೆ ಮಾಟ ಮಾಡ್ಸವ್ರೆ!"

ಗುಂಪು ಕೆಲಸ ನಿಲ್ಲಿಸಿತು. ನಿಂಬೆಹಣ್ಣಿಗೆ ಮಾಡಿದ್ದು ಕಂಡಿದ್ದರು, ಬೂದುಗುಂಬಳಕ್ಕೆ ಮಾಡಿದ್ದು ಕೇಳಿದ್ದರು. ಒಂದು ರಾಶಿ ತೆಂಗಿನಕಾಯಿಗೆ ಮಾಡಿದ್ದನ್ನು ಕಂಡಿರಲಿಲ್ಲ. ಅಕ್ಷರವಿರುವ ಕಾಯಿ ಬೇರೆ ಇಡಿ, ಉಳಿದದ್ದು ಸುಲಿಯಿರಿ ಎಂದರು ಮೇಷ್ಟ್ರು. ಚಿಕ್ಕಗೌರಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡು, "ಒಟ್ಟಿಗೆ ಮಲಗಿದ್ದ ಕಾಯಿ ಸಾಮಿ ಇವು. ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲ್ತದೆ. ನಾವು ಮುಟ್ಟಕ್ಕಿಲ್ಲ" ಎಂದಳು. ಇವಳು ಹೀಗೆಂದು ಹೊರಟುಹೋದರೆ ಸುತ್ತ ಹತ್ತೂರಿನಲ್ಲಿ ಇನ್ಯಾವ ಗುಂಪೂ ಈ ಮನೆಯ ಹೊಸಿಲು ತುಳಿಯುವುದಿಲ್ಲ.

ಅಷ್ಟರಲ್ಲಿ ಹುಚ್ಚರಂಗಯ್ಯ, ಇದು ಉರ್ದು ಇದ್ದ ಹಾಗಿದೆ ಎಂದು ಓಡಿಹೋಗಿ ಟೈಲರ್ ಮುನಾವರ್‌ನನ್ನು ಕರೆತಂದ. ಅವನು ಕೊರಳಿಗೆ ಟೇಪು ಹಾಕಿಕೊಂಡೇ ಬಂದು, ಒಂದು ಕಾಯಿಯನ್ನು ಹಿಂದೆ ಮುಂದೆ ತಿರುಗಿಸಿದ.

"ನಮ್ಮದಲ್ಲ ಇದು. ಓದಿ ಮೇಷ್ಟ್ರೇ, ಕೇಳೋಣ."

"ಯೋಮ್. ದಿನ ಅಂತ. ಇದು ಬಯಿತ್, ಮನೆ."

"ಅರೆ! ಅರಬ್ಬೀಲೂ ಯೌಮ್ ಅಂದ್ರೆ ದಿನಾನೇ, ಬೈತ್ ಅಂದ್ರೆ ಮನೇನೇ. ನೆಂಟರು ಕಣ್ರೀ ಇವು!" ಮುನಾವರ್‌ಗೆ ಖುಷಿಯಾಯಿತು. "ಇದ್ಯಾವುದು?"

"ಲೆಹೆಮ್. ರೊಟ್ಟಿ."

ಮುನಾವರ್ ಕೆಮ್ಮಿದ. ಮೇಷ್ಟ್ರ ಹಣೆಯ ವಿಭೂತಿ ನೋಡಿ, "ನಮ್ಮಲ್ಲಿ ಸ್ವಲ್ಪ ಬೇರೆ" ಎಂದು ಸುಮ್ಮನಾದ. ಆಮೇಲೆ ನೀರು ಕೊಡಲು ಬಂದ ಗಿರಿಜಮ್ಮನಿಗೆ ಮಾತ್ರ ಮೆಲ್ಲಗೆ, "ಅರಬ್ಬೀಲಿ ಲಹಮ್ ಅಂದ್ರೆ ಮಾಂಸ, ಅಮ್ಮಾ. ಮೇಷ್ಟ್ರಿಗೆ ಹೇಳ್ಬೇಡಿ, ಸ್ನಾನ ಮಾಡ್ತಾರೆ" ಎಂದ. ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಚಿಕ್ಕಗೌರಮ್ಮ ತೀರ್ಮಾನ ಕೊಟ್ಟಳು. "ಅಕ್ಷರ ಯಾರದ್ದಾದ್ರೂ ಆಗ್ಲಿ. ಏನ್ ಬರ್ದೈತೆ ಅಂತ ಬಾಯ್ಬಿಟ್ಟು ಹೇಳ್ಬುಟ್ರೆ ಯಾವ ಮಾಟಾನೂ ನಿಲ್ಲಕ್ಕಿಲ್ಲ. ಒಂದೊಂದೇ ಹೇಳಿ, ಒಂದೊಂದೇ ಸುಲೀತೀವಿ."

ಮೇಷ್ಟ್ರ ಮುಖ ಅರಳಿತು. ಪಂಚೆ ಎತ್ತಿ ಕಟ್ಟಿ ಅಂಗಳದ ನಡುವೆ ನಿಂತರು. ಹುಚ್ಚರಂಗಯ್ಯ ಕಾಯಿ ಎತ್ತಿ ತೋರಿಸುವುದು, ಮೇಷ್ಟ್ರು ಕೂಗುವುದು. ಮಯಿಮ್, ನೀರು. ಹಾರ್, ಬೆಟ್ಟ. ಕೆಲೆವ್, ನಾಯಿ. "ನಾಯೀನೂ ಬರ್ದವ್ರಾ!" ಎಂದು ಹೆಂಗಸರು ನಕ್ಕರು. ಮಾವೆತ್ ಎಂದರೆ ಸಾವು ಎಂದಾಗ ಮಾತ್ರ ಹುಚ್ಚರಂಗಯ್ಯ ಆ ಕಾಯಿಯನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿದ. ಗಿರಿಜಮ್ಮ ಬಾಗಿಲಿಗೆ ಒರಗಿ ಕೂತು, ಪ್ರತಿಯೊಂದಕ್ಕೂ ಗಂಡನಿಗಿಂತ ಒಂದು ಉಸಿರು ಮೊದಲೇ ಮನಸ್ಸಿನಲ್ಲಿ ಉತ್ತರ ಹೇಳಿಕೊಳ್ಳುತ್ತಿದ್ದಳು. ಸರಿಯಾಗಿ ಹೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ನಲವತ್ತೋ ಐವತ್ತೋ ಆಗಿತ್ತು. ಹುಚ್ಚರಂಗಯ್ಯ ಇನ್ನೊಂದು ಕಾಯಿ ಎತ್ತಿದ. ಎತ್ತಿ ಎತ್ತಿ ಇಟ್ಟು ಅದರ ಮಸಿ ಅರ್ಧ ಮಾಸಿತ್ತು. ಗಿರಿಜಮ್ಮ ದೂರದಿಂದಲೇ ಗುರುತು ಹಿಡಿದಳು.

"ಹೆವೆಲ್" ಎಂದು ಓದಿದರು ಮೇಷ್ಟ್ರು. ಆಮೇಲೆ ಗಂಟಲು ಸರಿಮಾಡಿಕೊಂಡರು. ಆಕಾಶ ನೋಡಿದರು. "ಹೆವೆಲ್ ಅಂದ್ರೆ... ಬೆಟ್ಟ."

"ಬೆಟ್ಟ ಆಗ್ಲೇ ಬಂದಿತ್ತಲ್ಲ ಸಾಮಿ?" ಎಂದಳು ಚಿಕ್ಕಗೌರಮ್ಮ.

"ಒಂದು ಭಾಷೇಲಿ ಎರಡು ಬೆಟ್ಟ ಇರಬಾರ್ದೇನಮ್ಮ?"

"ಇರ್ಬೋದು. ಹಂಗಾರೆ ಅಮ್ಮಾರು ಯಾಕೆ ನಕ್ರು?"

ಗಿರಿಜಮ್ಮ ನಕ್ಕಿದ್ದಳು. ತಡೆಯಲಾರದೆ ಮೂಗಿನಲ್ಲಿ ಬಂದುಬಿಟ್ಟಿತ್ತು. ಚಿಕ್ಕಗೌರಮ್ಮ ಮಚ್ಚು ಕೆಳಗಿಟ್ಟಳು. "ಮೇಷ್ಟ್ರು ಏನೋ ಮುಚ್ಚಿಡ್ತಾವ್ರೆ. ಇದೇ ಇರ್ಬೇಕು ಮಾಟದ ಕಾಯಿ. ಏಳ್ರಲಾ, ಹೋಗಾನ."

"ತಡಿಯಮ್ಮ, ಪಾಠ ತಂದು ಓದ್ತೀನಿ!" ಎಂದು ಮೇಷ್ಟ್ರು ಅಟ್ಟಕ್ಕೆ ಓಡಿದರು. ಹದಿನೆಂಟನೇ ಪಾಠವಿತ್ತು, ಇಪ್ಪತ್ತನೆಯದಿತ್ತು. ಹೆವೆಲ್ ಇದ್ದ ಹತ್ತೊಂಬತ್ತನೆಯದು ಇರಲಿಲ್ಲ. ಅದು ರಾಗಿ ಹಿಟ್ಟಿನ ಡಬ್ಬದಲ್ಲಿತ್ತು. ಶುಕ್ರವಾರ ಮಧ್ಯಾಹ್ನ ಗಿರಿಜಮ್ಮ ಅದನ್ನು ಅಲ್ಲಿಟ್ಟು ಮರೆತಿದ್ದಳು. ಮರೆತಿದ್ದಳು ಎಂದು ಅವಳು ಆಮೇಲೆ ಆಣೆ ಮಾಡಿ ಹೇಳಿದಳು.

ಮೇಷ್ಟ್ರು ತಲೆಗೆ ಜೇಡರಬಲೆ ಮೆತ್ತಿಕೊಂಡು ಇಳಿದು ಬಂದರು. ಗುಂಪು ಹಾರೆ ಕೀಳುತ್ತಿತ್ತು. ಅವರು ಮುನಾವರ್ ಕಡೆ ನೋಡಿದರು. ಅವನು ಟೇಪು ಸುತ್ತಿಕೊಳ್ಳುತ್ತ, "ಅರಬ್ಬೀಲಿ ಹೊಳೀತಿಲ್ಲ ಮೇಷ್ಟ್ರೇ" ಎಂದ. ಇನ್ನು ನೋಡಲು ಉಳಿದದ್ದು ಬಾಗಿಲ ಕಡೆ ಮಾತ್ರ. ಗಿರಿಜಮ್ಮ ಕೂತಲ್ಲೇ ಕೂತಿದ್ದಳು. ಕೇಳಲಿ, ಒಂದೇ ಒಂದು ಸಲ ಬಾಯಿಬಿಟ್ಟು ಕೇಳಲಿ. ಕೇಳದೆ ಮೂರು ಸಾವಿರ ಕಾಯಿ ಅಂಗಳದಲ್ಲೇ ಕೊಳೆತರೂ ಸರಿ, ಹೇಳುವುದಿಲ್ಲ.

"ನಿಂಗೇನಾದ್ರೂ... ಗೊತ್ತೇನೇ?" ಎಂದರು ಮೇಷ್ಟ್ರು, ತಗ್ಗಿದ ದನಿಯಲ್ಲಿ.

"ಏನು?"

"ಅದೇ ಕಣೇ. ಇದು."

"ಯಾವುದು?"

ಮೇಷ್ಟ್ರು ಕಾಯಿ ಹಿಡಿದುಕೊಂಡು ಅವಳ ಹತ್ತಿರಕ್ಕೇ ಬಂದರು. "ಹೆವೆಲ್ ಅಂದ್ರೆ ಏನು, ಗಿರಿಜಾ?"

ಕೇಳಿದಾಗ ಹೇಗೆ ಮೆರೆಯಬೇಕೆಂದು ಏಳೆಂಟು ತಿಂಗಳಿಂದ ಮನಸ್ಸಿನಲ್ಲೇ ಎಷ್ಟೋ ಮಾತು ಕಟ್ಟಿಟ್ಟುಕೊಂಡಿದ್ದಳು. ಈಗ ಒಂದೂ ನೆನಪಾಗಲಿಲ್ಲ. ತಲೆಯ ಮೇಲಿನ ಆ ಜೇಡರಬಲೆ ನೋಡಿ ಅಯ್ಯೋ ಎನ್ನಿಸಿತು.

"ಹಬೆ" ಎಂದಳು. "ಇಡ್ಲಿ ಪಾತ್ರೆ ಮುಚ್ಚಳ ತೆಗೆದ್ರೆ ಏಳ್ತದಲ್ಲ, ಚಳಿಗಾಲದಲ್ಲಿ ಬಾಯಿಂದ ಬರ್ತದಲ್ಲ, ಅದು. ಹಿಡಿಯೋಕೆ ಹೋದ್ರೆ ಕೈಗೆ ಸಿಗಲ್ಲ. ಅದಕ್ಕೇ ವ್ಯರ್ಥ ಅನ್ನೋದಕ್ಕೂ ಅದೇ ಮಾತು ಹೇಳ್ತಾರಂತೆ."

"ಅಷ್ಟೇನಾ!" ಎಂದಳು ಚಿಕ್ಕಗೌರಮ್ಮ. "ಇಡ್ಲಿ ಹಬೆಗೆ ಹೆದರ್ಕೊಂಡು ಹೊಂಟಿದ್ನಲ್ಲಪ್ಪ!" ಹಾರೆ ಮತ್ತೆ ನೆಟ್ಟರು. ಮುಂದಿನ ಕಾಯಿ ಎತ್ತಿದ ಹುಚ್ಚರಂಗಯ್ಯ ಅದನ್ನು ಮೇಷ್ಟ್ರಿಗೆ ತೋರಿಸಲಿಲ್ಲ, ಬಾಗಿಲ ಕಡೆಗೆ ತಿರುಗಿಸಿದ. ಗಿರಿಜಮ್ಮ ಅಲ್ಲಿಂದಲೇ ಹೇಳಿದಳು. ಮೇಷ್ಟ್ರು ಮಟ್ಟೆಯ ರಾಶಿಯ ಪಕ್ಕ ಕೂತು ಬಾಯಿ ಬಿಟ್ಟುಕೊಂಡು ಕೇಳಿದರು.

ಸಂಜೆ ಗುಂಪು ಹೋದ ಮೇಲೆ ಮೇಷ್ಟ್ರು ಪರೀಕ್ಷೆಯ ಹಾಳೆ ಹಿಡಿದು ಅಡುಗೆಮನೆಗೆ ಬಂದರು. ಮಣೆ ಎಳೆದುಕೊಂಡು ಅವಳ ಎದುರಿಗೆ ಕೂತರು.

"ಹೆಗ್ಗಣ ನೀನೇನಾ?"

"ಬೋನಿನ ಕೊಬ್ಬರಿ ಚೆನ್ನಾಗಿತ್ತು ಕಣ್ರೀ. ಬೆಲ್ಲ ಇದ್ದಿದ್ರೆ ಇನ್ನೂ ಚೆನ್ನಾಗಿರೋದು."

ಮೇಷ್ಟ್ರು ನಗಲಿಲ್ಲ. ಹಾಳೆಯ ನೆತ್ತಿಯಲ್ಲಿ ವಿದ್ಯಾರ್ಥಿಯ ಹೆಸರು ಎಂದಿದ್ದ ಕಡೆ ತಮ್ಮ ಹೆಸರು ಆಗಲೇ ದುಂಡಗೆ ಬರೆದಿದ್ದರು. ಅದರ ಮೇಲೊಂದು ಗೀಟು ಎಳೆದು, ಪಕ್ಕದಲ್ಲಿ ಗಿರಿಜಾಂಬಿಕಾ ಎಂದು ಬರೆದರು. ಆಮೇಲೆ ಕನ್ನಡಕ ಏರಿಸಿಕೊಂಡು ಮೊದಲನೇ ಪ್ರಶ್ನೆಯ ಮೇಲೆ ಬೆರಳಿಟ್ಟರು. ಯಾವ ಪದ ಹಿಡಿದು ಆವತ್ತು ಇದೇ ಒಲೆಯ ಮುಂದೆ ಕುಣಿದಿದ್ದರೋ, ಅದೇ ಪದ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂಥದ್ದು.

"ಅದಮಾ ಅಂದ್ರೆ ಏನೇ?" ಎಂದು ಕೇಳಿದರು.

ಗಿರಿಜಮ್ಮನಿಗೆ ಕಣ್ಣು ತುಂಬಿ ಬಂತು. ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಿ, ತೋರ್ಸಿ" ಎಂದು ಕೈಚಾಚಿದಳು. ಮೇಷ್ಟ್ರು ಹಾಳೆ ಕೊಟ್ಟರು.