ಮಾತು ಬರುವ ಹೊತ್ತು

"ಏನೇ ಇದು, ಸ್ವೆಟರೋ ನೆಲ ಒರೆಸೋ ಬಟ್ಟೆಯೋ? ಯಾವ ಕಾಲದ್ದು?" ಒಳಗೆ ಬರುತ್ತಲೇ ದೊಡ್ಡಮ್ಮ ಅಮ್ಮನ ಸ್ವೆಟರಿನ ತೋಳು ಹಿಡಿದು ಎಳೆದಳು. ಅಮ್ಮನ ಬೆರಳುಗಳು ಕೀಲಿಮಣೆಯ ಮೇಲೆ ಟಪಟಪನೆ ಓಡಿದವು. ಕೊನೆಯ ಕೀಲಿ ಒತ್ತಿ, ಗಲ್ಲ ಎತ್ತಿ, ಅಕ್ಕನ ಮುಖ ನೋಡುತ್ತ ಕೂತಳು. ಮೇಜಿನ ಮೇಲಿನ ಸ್ಪೀಕರ್ ಸುಮ್ಮನಿತ್ತು. ಪರದೆಯ ಮೂಲೆಯಲ್ಲಿ ಸಣ್ಣ ಚಕ್ರವೊಂದು ಸುತ್ತುತ್ತಿತ್ತು.

ದೊಡ್ಡಮ್ಮನಿಗೆ ಕಾಯುವ ಅಭ್ಯಾಸವಿಲ್ಲ. ಕುರ್ಚಿ ಎಳೆದುಕೊಂಡು, ಮಂಡಿ ಹಿಡಿದು ಕೂರುತ್ತ ದನಿ ತಗ್ಗಿಸಿದಳು. "ವಿಷಯ ಗೊತ್ತಾಯ್ತಾ? ನಮ್ಮ ಬೀದಿ ಮೇಷ್ಟ್ರ ಹೆಂಡ್ತಿ ಬೆಳಿಗ್ಗೆ ಹೋಗ್ಬಿಟ್ರು ಕಣೇ. ಪಾಪ, ಮೊನ್ನೆ ತಾನೇ ತರಕಾರಿ ಅಂಗಡೀಲಿ ನನ್ನ ಹತ್ರ ಜಗಳ ಆಡಿದ್ರು."

ಆಗ ಸ್ಪೀಕರ್ ಬಾಯಿ ಬಿಟ್ಟಿತು. ಒಂದೊಂದು ಅಕ್ಷರವನ್ನೂ ತೊಳೆದಿಟ್ಟಂತಿರುವ, ಅಮ್ಮನದೇ ಹಳೆಯ ದನಿ. "ನಿನಗಿಂತ ಗಟ್ಟಿಯಾಗಿದೆ ಬಿಡು. ಇನ್ನೂ ನಾಲ್ಕು ಚಳಿಗಾಲ ಬಾಳುತ್ತೆ."

ದೊಡ್ಡಮ್ಮ ಸ್ಪೀಕರನ್ನೊಮ್ಮೆ, ಸ್ವೆಟರನ್ನೊಮ್ಮೆ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳಿಗೆ ನಗು ಉಕ್ಕಿ ಬಂತು. ಅಮ್ಮನ ಮುಖ ನೋಡಿದ ಮೇಲೆ ಅದು ಅಲ್ಲೇ ಇಂಗಿತು. ಅಮ್ಮ ಕೀಲಿಮಣೆಯಿಂದ ಎರಡೂ ಕೈ ತೆಗೆದು, ಒಲೆಯಿಂದ ಪಾತ್ರೆ ಇಳಿಸಿಟ್ಟ ಹಾಗೆ, ಮಡಿಲಲ್ಲಿಟ್ಟುಕೊಂಡಿದ್ದಳು.

ಅಮ್ಮನ ದನಿ ಒಂದು ಕಾಲಕ್ಕೆ ಇಡೀ ಊರಿನ ದನಿಯಾಗಿತ್ತು. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳುವ ಕೆಲಸ ಅವಳದು. ಗಾಡಿ ಇನ್ನೂ ಸೇತುವೆಯ ಆಚೆ ಇರುವಾಗಲೇ ಅವಳು ಹೇಳುತ್ತಿದ್ದಳು. ಕಣ್ಣಿಗೆ ಏನೂ ಕಾಣದಿದ್ದರೂ ಜನ ಗಂಟುಮೂಟೆ ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದರು. ನಿವೃತ್ತಳಾದ ಮೇಲೆ ಗಂಟಲಲ್ಲಿ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ರಂಧ್ರ ಉಳಿಯಿತು, ಮಾತು ಹೋಯಿತು.

ನಿಲ್ದಾಣದಲ್ಲಿ ಉಳಿದಿದ್ದ ಅವಳ ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಕಲಿಸಿ, ಟೈಪು ಮಾಡಿದ್ದನ್ನು ಅವಳದೇ ದನಿಯಲ್ಲಿ ನುಡಿಸುವ ಪ್ರೋಗ್ರಾಮನ್ನು ಡಾಕ್ಟರ ಪರಿಚಯದ ಹುಡುಗರು ಮಾಡಿಕೊಟ್ಟರು. ಅಮ್ಮನಿಗೆ ಕಣ್ಣು ಮಂಜಾಗಿದ್ದರೂ ಬೆರಳು ಮಂಜಾಗಿರಲಿಲ್ಲ. ಹುಡುಗಿಯಾಗಿದ್ದಾಗ ಕಲಿತ ಟೈಪಿಂಗ್ ಬಾಯಿಪಾಠದ ಹಾಗೆ ಉಳಿದಿತ್ತು. ಆದರೆ ಮನೆಯ ಕಂಪ್ಯೂಟರ್ ಹಳೆಯದು. ಒಂದು ವಾಕ್ಯ ನುಡಿಯಲು ಅದಕ್ಕೆ ಬಹಳ ಹೊತ್ತು ಬೇಕಾಗುತ್ತಿತ್ತು. ಆಗ ರಿಪೇರಿಯವನು ಬಂದ. ಪೆಟ್ಟಿಗೆಯ ಬದಿ ಬಿಚ್ಚಿ, ತಟ್ಟೆಯಷ್ಟು ಅಗಲದ ಫ್ಯಾನು ಕೂರಿಸಿ, ಪ್ರೊಸೆಸರನ್ನು ಅದರ ನಿಗದಿಯ ವೇಗ ಮೀರಿ ಓಡಿಸುವ ವ್ಯವಸ್ಥೆ ಮಾಡಿಕೊಟ್ಟ. ಪೆಟ್ಟಿಗೆ ಕಾದು ಬೆಚ್ಚಗಾಗುತ್ತಿತ್ತು, ಫ್ಯಾನು ಭೋರೆನ್ನುತ್ತಿತ್ತು, ಅಮ್ಮನ ಮಾತು ಮಾತ್ರ ಬಿಟ್ಟ ಬಾಣ. ಅಂದಿನಿಂದ ಅವನಿಗೆ ಅಮ್ಮ ಇಟ್ಟ ಹೆಸರು ಬಿಸಿರಾಯ.

ಮಗಳದು ವಿಮೆ ಕಂಪನಿಗೆ ಆಸ್ಪತ್ರೆಯ ಬಿಲ್ಲುಗಳನ್ನು ಪರಿಶೀಲಿಸಿ ಕೊಡುವ ಕೆಲಸ. ಮನೆಯಿಂದಲೇ, ಅದೇ ಕಂಪ್ಯೂಟರಿನಲ್ಲಿ. "ಮಧ್ಯಾಹ್ನದವರೆಗೆ ಬಿಲ್ಲು, ಆಮೇಲೆ ಬೈಗುಳ" ಎಂದು ಅಮ್ಮನೇ ಪಾಳಿ ಹಂಚಿದ್ದಳು. ಅಪ್‌ಡೇಟ್ ಮಾಡಬೇಕೆಂದು ಪರದೆ ಆಗಾಗ ಕೇಳುತ್ತಿತ್ತು. ಕಥೆಯಲ್ಲಿ ಬಾಗಿಲಿಗೆ ಬಂದ ದೆವ್ವಕ್ಕೆ ನಾಳೆ ಬಾ ಎನ್ನುವ ಹಾಗೆ, ಮಗಳು ಅದನ್ನು ಸಾಗಹಾಕುತ್ತಲೇ ಬಂದಿದ್ದಳು. ಕೊನೆಗೆ ಆಫೀಸಿನಿಂದಲೇ ಸುತ್ತೋಲೆ ಬಂತು: ಅಪ್‌ಡೇಟ್ ಆಗದ ಯಂತ್ರಗಳನ್ನು ಇನ್ನು ಒಳಗೆ ಬಿಡುವುದಿಲ್ಲ. ಒಂದು ಸಂಜೆ, ಬಿಲ್ಲುಗಳ ಅಂಕಿ ಕಣ್ಣಲ್ಲಿ ಈಜುತ್ತಿದ್ದಾಗ, ಹಾಳಾಗಿ ಹೋಗಲಿ ಎಂದು ಒಪ್ಪಿಗೆ ಒತ್ತಿಬಿಟ್ಟಳು.

ಮರುದಿನ ಮನೆ ವಿಚಿತ್ರವಾಗಿ ನಿಶ್ಶಬ್ದವಾಗಿತ್ತು. ಫ್ಯಾನಿನ ಸದ್ದಿಲ್ಲ, ಅಮ್ಮನ ಮಾತು ಮತ್ತೆ ಮೊದಲಿನಂತೆ ತಡವಾಗಿ ಬರತೊಡಗಿತ್ತು. ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು, ಅಮ್ಮನ ಕತ್ತಿನ ರಂಧ್ರದಲ್ಲಿ ಉಸಿರು ಸುಯ್ಯೆನ್ನುವುದೂ ಕೇಳಿಸುತ್ತಿತ್ತು.

ಮೇಷ್ಟ್ರ ಹೆಂಡತಿಯ ಸುದ್ದಿಯ ಮಾರನೆಯ ದಿನ ಬಿಸಿರಾಯ ಬಂದ. ಪರದೆಯ ಮುಂದೆ ಬಹಳ ಹೊತ್ತು ಕೂತು, ಕೈಬೆರಳ ನೆಟಿಗೆ ಮುರಿದ.

"ನಾನು ಮಾಡಿದ್ದು ಓವರ್‌ಕ್ಲಾಕ್ ಅಂತ ಅಕ್ಕಾ. ಪ್ರೊಸೆಸರ್ ಅಂದ್ರೆ ಗಾಡಿ ಎತ್ತು ಅಂದ್ಕೊಳ್ಳಿ. ಕಂಪನಿಯವ್ರು ಇಷ್ಟೇ ಓಡು ಅಂದಿರ್ತಾರೆ. ನಾವು ಬಾಲ ತಿರುಚಿ ಓಡಿಸ್ತಿದ್ವಿ. ಬಾಲ ತಿರುಚೋಕೆ ಒಂದು ಪುಟ್ಟ ಪ್ರೋಗ್ರಾಮು ಇಟ್ಟಿದ್ದೆ, ಅದು ಹಿತ್ತಿಲ ಬಾಗಿಲಿಂದ ಒಳಗೆ ಹೋಗ್ತಿತ್ತು. ಆ ಬಾಗಿಲಲ್ಲಿ ಕಳ್ಳರೂ ನುಗ್ತಾರೆ ಅಂತ ಈ ಅಪ್‌ಡೇಟ್‌ನಲ್ಲಿ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ."

"ಬೇರೆ ಬಾಗಿಲಿಲ್ವಾ?" ಎಂದಳು ಮಗಳು.

"ಈ ಮಾಡೆಲ್‌ನಲ್ಲಿ ಇಲ್ಲ. ಹೊಸ ಕಂಪ್ಯೂಟರ್ ತಗೊಂಡ್ರೆ ಆ ಮಾತೇ ಬೇರೆ."

"ಅದು ಈಗಾಗೋ ಮಾತಲ್ಲಪ್ಪ."

"ಹಾಗಾದ್ರೆ ಒಂದೇ ದಾರಿ. ಅಪ್‌ಡೇಟ್ ತೆಗೆದು ಹಿಂದಿನದಕ್ಕೆ ವಾಪಸ್ ಹೋಗೋದು. ಅದೂ ಈ ಭಾನುವಾರದೊಳಗೆ. ಆಮೇಲೆ ಹಳೇದನ್ನ ಅದೇ ಅಳಿಸಿ ಹಾಕುತ್ತೆ."

"ತೆಗೆದ್ರೆ ಆಫೀಸಿನವ್ರು ಒಳಗೆ ಬಿಡಲ್ಲ."

"ಅದು ನೀವು ನೋಡ್ಕೋಬೇಕು ಅಕ್ಕಾ" ಎಂದು ಅವನು ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ. ಅವನ ಹೆಜ್ಜೆ ಸದ್ದು ಬೀದಿಯಲ್ಲಿ ಕರಗಿದ ಮೇಲೆ ಸ್ಪೀಕರ್ ನುಡಿಯಿತು. "ಎತ್ತಿಗೆ ವಯಸ್ಸಾಯ್ತು ಅಂತ ನೇರವಾಗಿ ಹೇಳಪ್ಪ, ಬೇಜಾರಿಲ್ಲ."

ಕೇಳಲು ಮಗಳೊಬ್ಬಳೇ ಇದ್ದಳು. ಅವಳು ನಕ್ಕಳು, ಸ್ವಲ್ಪ ಜೋರಾಗಿಯೇ ನಕ್ಕಳು. ಅಮ್ಮ ಅವಳ ಕಡೆ ತಿರುಗಲಿಲ್ಲ.

ಅಮ್ಮ ಅಂದಿನಿಂದ ಟೈಪು ಮಾಡುವುದನ್ನೇ ಬಿಟ್ಟಳು. ಬೇಕು ಎಂದರೆ ಗೋಣು ಹಾಕುವಳು, ಬೇಡ ಎಂದರೆ ಕೈ ಆಡಿಸುವಳು. ದೊಡ್ಡಮ್ಮ ಬಂದು ಬೀದಿಯ ಸುದ್ದಿಯನ್ನೆಲ್ಲ ಸುರಿದು, ಕೆಣಕಿ, ಚುಚ್ಚಿ, ಕೊನೆಗೆ ಸೋತು ಅಡುಗೆಮನೆಗೆ ಬಂದಳು. "ಗೋಡೆ ಜೊತೆ ಜಗಳ ಆಡ್ಬಹುದು ಕಣೇ ಮಗಳೇ, ಇವಳ ಜೊತೆ ಆಗ್ತಿಲ್ಲ. ಬಾಯಿ ಹೋದಾಗಲೂ ಹೀಗಿರಲಿಲ್ಲ ಇವಳು." ಮರುದಿನ ಅವಳು ಬರಲಿಲ್ಲ. ಮಂಡಿನೋವು ಎಂದು ಫೋನಿನಲ್ಲಿ ಹೇಳಿದಳು.

ಮಗಳು ಆಫೀಸಿಗೆ ಫೋನು ಮಾಡಿದಳು. ಮೇಲಿನವರು ಒರಟಾಗಿ ಮಾತಾಡಲಿಲ್ಲ, ಅದೇ ಕಷ್ಟವಾಗಿದ್ದು. "ನಿಮಗೊಬ್ಬರಿಗೆ ಬಿಟ್ರೆ ಎಲ್ರಿಗೂ ಬಿಡ್ಬೇಕಾಗುತ್ತಮ್ಮಾ. ಆಫೀಸಿಗೆ ಬಂದು ಮಾಡ್ತೀರಾ? ಇಲ್ಲಿನ ಯಂತ್ರ ಕೊಡ್ತೀವಿ, ಮನೆಗೆ ಮಾತ್ರ ಕಳಿಸೋ ಹಾಗಿಲ್ಲ." ಆಫೀಸು ಊರಿನ ಇನ್ನೊಂದು ತುದಿಗಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ನಡುವೆ ಅಮ್ಮನ ಕತ್ತಿನ ರಂಧ್ರಕ್ಕೆ ಕಫ ಅಡ್ಡ ಬಂದರೆ ನಳಿಗೆ ಇಟ್ಟು ತೆಗೆಯುವವರು ಯಾರು? ಕನ್ನಡಿ ಹಿಡಿದು ತಾನೇ ತೆಗೆದುಕೊಳ್ಳಲು ಅಮ್ಮನ ಕಣ್ಣು ಸಾಲದು. ದೊಡ್ಡಮ್ಮನಿಗೆ ಆ ರಂಧ್ರ ನೋಡಿದರೇ ತಲೆ ಸುತ್ತುತ್ತದೆ. ಅಮ್ಮನ ಎಡಗಡೆ ಕೂತು ಬಲಗಡೆ ನೋಡುತ್ತ ಮಾತಾಡುತ್ತಾಳೆ.

ಹೀಗೆ ತಕ್ಕಡಿಯ ಎರಡು ತಟ್ಟೆ. ಒಂದರಲ್ಲಿ ಮಾತಿನ ಅಮ್ಮ, ದಿನವಿಡೀ ಒಂಟಿ. ಇನ್ನೊಂದರಲ್ಲಿ ಜೊತೆಗೆ ಮಗಳಿದ್ದೂ ಮೂಕಳಾದ ಅಮ್ಮ. ಪಾತ್ರೆ ತಿಕ್ಕುವಾಗ, ಬಟ್ಟೆ ಹರವುವಾಗ, ಬಿಲ್ಲಿನ ಮೊತ್ತ ಕೂಡುವಾಗ ಮಗಳು ಅವನ್ನೇ ತೂಗುತ್ತಿದ್ದಳು. ಶನಿವಾರದ ಹೊತ್ತಿಗೆ ಅವಳಿಗೆ ತೂಗುವ ಶಕ್ತಿಯೂ ಉಳಿಯಲಿಲ್ಲ. ಮೂಲೆಮನೆಯ ನರ್ಸಮ್ಮ ನಡುವೆ ಒಮ್ಮೆ ಬಂದು ನೋಡಿ ಹೋಗುವುದಾಗಿ ಒಪ್ಪಿದಳು. ಒಮ್ಮೆ ಬಂದರೆ ಸಾಕಾಗದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮಗಳು ಬಿಸಿರಾಯನಿಗೆ ಭಾನುವಾರ ಸಂಜೆ ಬಾ ಎಂದು ಹೇಳಿದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಭಾನುವಾರ ಊಟವಾದ ಮೇಲೆ ಮಗಳು ಅಡುಗೆಮನೆ ಒರೆಸುತ್ತಿದ್ದಾಗ ಟಪಟಪ ಸದ್ದು ಕೇಳಿಸಿತು. ಇಣುಕಿದರೆ ಅಮ್ಮ ಕೀಲಿಮಣೆಯ ಮುಂದೆ ಕೂತು, ಕಿವಿಯನ್ನು ಬಾಗಿಲ ಕಡೆ ಕೊಟ್ಟು ಟೈಪು ಮಾಡುತ್ತಿದ್ದಾಳೆ. ಕೆಳಗೆ ಮೆಟ್ಟಿಲಲ್ಲಿ ದೊಡ್ಡಮ್ಮನ ಚಪ್ಪಲಿ ಎಳೆದಾಟ. ಮಂಡಿ ನೋಯುವವಳು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಟ್ಟು ಹತ್ತುತ್ತಿದ್ದಳು.

ಬಾಗಿಲು ತೆರೆಯಿತು. ದೊಡ್ಡಮ್ಮ ಕಿತ್ತಳೆಯ ಚೀಲ ಕೆಳಗಿಡುತ್ತ, "ಏನೇ, ಊಟ..." ಎನ್ನುವಷ್ಟರಲ್ಲಿ ಸ್ಪೀಕರ್ ಹೇಳಿತು: "ಊಟ ಆಯ್ತು. ನಿನ್ನ ಸೊಸೆ ಏನು ಮಾಡಿದ್ಳು ಅಂತ ಹೇಳು, ಉಪ್ಪು ಜಾಸ್ತಿಯಾಗಿತ್ತು ತಾನೇ?"

ದೊಡ್ಡಮ್ಮ ಹೊಸ್ತಿಲಲ್ಲೇ ನಿಂತಳು. "ಉಪ್ಪಲ್ವೇ, ಖಾರ! ಅಯ್ಯೋ ಇದೇನು, ಯಂತ್ರ ರಿಪೇರಿಯಾಯ್ತಾ?"

ಅಮ್ಮ ತಲೆಯಾಡಿಸಿ ಇಲ್ಲವೆಂದಳು. ಬೆರಳು ಆಗಲೇ ಮುಂದಿನ ಮಾತಿಗೆ ಹೊರಟಿತ್ತು. ದೊಡ್ಡಮ್ಮ ಅನುಮಾನದಿಂದ ಕುರ್ಚಿಯಲ್ಲಿ ಕೂತು ಸೊಸೆಯ ಪುರಾಣ ಶುರು ಮಾಡಿದಳು: ಅವಳು ಏಳುವ ಹೊತ್ತು, ಅವಳ ಫೋನು, ಅವಳ ತವರು. ತವರು ಎಂಬಲ್ಲಿಗೆ ಬಂದಾಗ ದನಿ ಬಂತು: "ತವರಿನ ವಿಷಯ ಎತ್ತಬೇಡ ಅಕ್ಕಾ. ನಿನ್ನ ತವರಿನವಳು ಇಲ್ಲೇ ಕೂತಿದ್ದೀನಿ."

"ಅಯ್ಯೋ ಮುಂಡೇದೇ!" ದೊಡ್ಡಮ್ಮ ತೊಡೆ ತಟ್ಟಿಕೊಂಡು ನಕ್ಕಳು. "ನಾನು ಬಾಯಿ ಬಿಡೋಕೆ ಮುಂಚೇನೇ ಬರೆದಿಡ್ತಿದ್ದೀಯೇನೇ? ನನ್ನ ಮಾತೆಲ್ಲ ನಿಂಗೆ ಬಾಯಿಪಾಠಾನಾ? ತಾಳು, ನಿಂಗೆ ಗೊತ್ತಿಲ್ಲದ್ದು ಹೇಳ್ತೀನಿ." ಅವಳು ಕಿತ್ತಳೆ ಸುಲಿಯುತ್ತ ಯೋಚಿಸಿದಳು. ಯೋಚಿಸಿ, ಚಿಕ್ಕಂದಿನಲ್ಲಿ ತಾನು ಬಾವಿಗೆ ಬಿದ್ದ ಕಥೆ ತೆಗೆದಳು. ಅರ್ಧಕ್ಕೆ ಬಂದಿದ್ದಳು, "ನೀನು ಬೀಳಲಿಲ್ಲ, ನಿನ್ನ ನೆರಳಿನ ಜೊತೆ ಜಗಳ ಆಡೋಕೆ ಬಗ್ಗಿದ್ದೆ" ಎಂದಿತು ಸ್ಪೀಕರ್. ಒಂದೆರಡು ಗುರಿ ತಪ್ಪಿದವು. ದೊಡ್ಡಮ್ಮ ಹವಾಮಾನ ಎಂದಾಗ ಅಮ್ಮ ಮಂಡಿಗೆ ಔಷಧ ಹೇಳಿದಳು. ಅದಕ್ಕೂ ನಕ್ಕರು. ಅಮ್ಮ ನಕ್ಕರೆ ಸದ್ದಿಲ್ಲ, ಹೆಗಲು ಕುಲುಕುತ್ತದೆ.

ಮಗಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಿಸಿರಾಯ ಬರುವ ಹೊತ್ತಾಗಿತ್ತು. ಹೇಗೆ ಶುರು ಮಾಡಬೇಕೆಂದು ತೋಚದೆ ಅಮ್ಮನ ಬೆನ್ನ ಹಿಂದೆ ನಿಂತಳು. ಕೊನೆಗೆ ಉಸಿರೆಳೆದುಕೊಂಡು, "ಅಮ್ಮಾ" ಎಂದಳು.

"ನಾಳೆಯಿಂದ ಆಫೀಸಿಗೆ ಹೋಗ್ತೀನಿ ಅಂತ ಹೇಳೋಕೆ ಬಂದಿದ್ದೀಯ" ಎಂದಿತು ಹಳೆಯ ದನಿ. ಅವಸರವಿಲ್ಲ, ತಡವರಿಕೆಯಿಲ್ಲ. "ಬೇಡ. ಬಿಸಿರಾಯನಿಗೆ ಫೋನು ಮಾಡಿ ಬರಬೇಡ ಅನ್ನು."

"ಆದ್ರೆ..."

"ಆದ್ರೆ ಅಂತೀಯ ಅಂತಾನೂ ಗೊತ್ತು. ನಿನ್ನೆ ರಾತ್ರಿಯಿಂದ ಯೋಚನೆ ಮಾಡಿಟ್ಟಿದ್ದೀನಿ. ಮೊದಲು ಫೋನು ಮಾಡು."

ಮಗಳು ಫೋನು ಮಾಡಿದಳು. ಬಿಸಿರಾಯ ಎರಡೆರಡು ಸಲ ಕೇಳಿದ. "ನಾಳೆ ಬೇಕು ಅಂದ್ರೆ ಆಗಲ್ಲ ಅಕ್ಕಾ, ಅದು ಅಳಿಸಿ ಹೋಗಿರುತ್ತೆ." "ಗೊತ್ತಪ್ಪ" ಎಂದಳು. ಫೋನು ಇಟ್ಟ ಮೇಲೆ ಅಮ್ಮನ ಕುರ್ಚಿಗೆ ಒರಗಿ ನೆಲದ ಮೇಲೆ ಕೂತಳು. ವಾರವೆಲ್ಲ ತೂಗಿದ ಭಾರ ಇಳಿದಿತ್ತೋ, ಇನ್ನೊಂದು ಹೆಗಲಿಗೆ ದಾಟಿತ್ತೋ ತಿಳಿಯಲಿಲ್ಲ. ಅಮ್ಮನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಯಾರು ಯಾವಾಗ ಏನು ಹೇಳಿಯಾರು ಎಂದು ಕಾದು, ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಓಡಿ ಓಡಿ, ಬೆರಳ ತುದಿಗಳು ಕೆಂಪಾಗಿದ್ದವು. ನಾಳೆಯೂ ಹೀಗೇ ಓಡಬೇಕು, ನಾಡಿದ್ದೂ.

"ಅಮ್ಮಾ, ನಿಂಗೆ ಸುಸ್ತಾಗಲ್ವಾ?" ಎಂದಳು ಮಗಳು. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು.

ಸ್ಪೀಕರ್ ಏನೂ ಹೇಳಲಿಲ್ಲ.

ಅಮ್ಮ ತಿರುಗಿ ಮಗಳನ್ನು ನೋಡಿದಳು. ಅವಳ ಬೆರಳುಗಳು ಕೀಲಿಗಳ ಮೇಲೆ ಬಾಗಿ ಅಲ್ಲೇ ನಿಂತವು. ಆಮೇಲೆ ಒಂದು ಅಕ್ಷರ ಒತ್ತಿದಳು, ಬಿಟ್ಟಳು, ಇನ್ನೊಂದು ಒತ್ತಿದಳು. ಬಹಳ ಹೊತ್ತಾಯಿತು. ಕೊನೆಯ ಕೀಲಿಯನ್ನು ಒತ್ತಿ, ಎಡಗೈಯನ್ನು ಇಳಿಸಿ ಮಗಳ ತಲೆಯ ಮೇಲಿಟ್ಟಳು. ಪರದೆಯ ಮೂಲೆಯಲ್ಲಿ ಚಕ್ರ ಸುತ್ತತೊಡಗಿತು. ಈ ಸಲ ದೊಡ್ಡಮ್ಮನೂ ಕಾದಳು. ಸುಲಿದ ತೊಳೆಯೊಂದನ್ನು ಬೆರಳಲ್ಲಿ ಹಿಡಿದು, ತಿನ್ನದೆ, ಹಾಗೇ ಕೂತಿದ್ದಳು.